ಜನರ ಕಡೆ ಇಳಿದವನು

ಕೋರ್ಟಿನ ಬಿಳಿ ಕಾರು ಓಡಿಸುತ್ತಿದ್ದ ಡ್ರೈವರನ್ನು ಅವನ ಓಣಿಯವರೆಲ್ಲ ಸ್ಟೇರಿಂಗು ಎಂದೇ ಕರೆಯುತ್ತಿದ್ದರು. ನಿಂತರೂ ಕೂತರೂ ಅವನ ಎರಡು ಕೈಗಳು ಇಲ್ಲದ ಚಕ್ರವೊಂದನ್ನು ಹಿಡಿದುಕೊಂಡಂತೆ ಎದೆಯ ಮುಂದೆಯೇ ಇರುತ್ತಿದ್ದವು. "ಊಟಕ್ಕೆ ಕೂತಾಗಲಾದ್ರೂ ಗಾಡಿ ನಿಲ್ಲಿಸ್ರೀ" ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು. ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಹೆಂಡತಿಯ ತಮ್ಮ, ಮಂಡಿ ಬೀದಿಯಲ್ಲಿ ಮೂಟೆ ಸಾಗಿಸುವ ಟೆಂಪೋ ಇಟ್ಟುಕೊಂಡವನು, ಎರಡು ಮನೆ ಆಚೆ ಇದ್ದ. ದಿನಕ್ಕೊಂದು ಸಲವಾದರೂ ಬಂದು ಅಕ್ಕನ ಕೈಯ ಚಹಾ ಕುಡಿಯದಿದ್ದರೆ ಅವನಿಗೆ ತಲೆನೋವು ಬರುತ್ತಿತ್ತಂತೆ.

ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವರು ನ್ಯಾಯಾಧೀಶೆ. ಐವತ್ತು ದಾಟಿದವರು, ತೆಳ್ಳನೆಯ ಮೈ, ಅದಕ್ಕಿಂತ ತೆಳ್ಳನೆಯ ಮಾತು. ಬೆಳಿಗ್ಗೆ "ನಡೀರಿ", ಸಂಜೆ "ನಾಳೆ ಇದೇ ಹೊತ್ತಿಗೆ ಬನ್ನಿ", ಇಷ್ಟೇ. ಇಷ್ಟು ವರ್ಷದಲ್ಲಿ ಒಂದು ಸಲವೂ ಅವನನ್ನು ಬೈದವರಲ್ಲ. ಹಾಗೆಯೇ "ಮನೆ ಕಡೆ ಹೇಗಿದ್ದಾರೆ" ಎಂದು ಕೇಳಿದವರೂ ಅಲ್ಲ. ಅದಕ್ಕಾಗಿ ಅವನಿಗೆ ಬೇಸರವೇನೂ ಇರಲಿಲ್ಲ. ದೊಡ್ಡವರು ಇರುವುದೇ ಹಾಗೆ ಎಂದುಕೊಂಡಿದ್ದ, ನಮ್ಮಣ್ಣ ಬರುವ ತನಕ.

ನಮ್ಮಣ್ಣ ಎಂದರೆ ನಗರದ ಮುಖ್ಯಸ್ಥ. ಅವನಿಗೂ ಮೊದಲು ಆ ಕುರ್ಚಿಯಲ್ಲಿ ಕೂತವರು ಯಾರೂ ಓಣಿಯ ಮುಖ ಕಂಡಿರಲಿಲ್ಲ. ಚರಂಡಿ ಉಕ್ಕಿ ಮನೆಯೊಳಗೆ ಬಂದರೂ ಅರ್ಜಿ ಹಿಡಿದು ಕಚೇರಿಯ ಕಂಬ ಸುತ್ತಬೇಕಿತ್ತು. ಈತ ಚುನಾವಣೆಗೆ ನಿಂತ ವರ್ಷ ಪ್ಯಾಂಟು ಮಂಡಿಯವರೆಗೆ ಮಡಚಿ, ಆ ಹೊಲಸು ನೀರಿನಲ್ಲಿ ಕಾಲಿಟ್ಟುಕೊಂಡೇ ಬಂದ. ಡ್ರೈವರನ ಹಾಸಿಗೆ ಹಿಡಿದ ತಾಯಿಯ ಪಕ್ಕ ಕೂತು, ಅವಳ ಕೈ ಹಿಡಿದು, "ಅಮ್ಮಾ, ಇನ್ನೊಂದು ವರ್ಷದಲ್ಲಿ ನಿಮ್ಮ ಮನೆಗೆ ಒಳ್ಳೆ ನೀರು ಬರದಿದ್ರೆ ನನ್ನ ಹೆಸರಿಗೆ ಉಗೀರಿ" ಎಂದ. ಗೆದ್ದ. ನೀರು ಬಂತು, ದೀಪ ಬಂತು, ಚರಂಡಿಗೆ ಮುಚ್ಚಳ ಬಂತು. ತಾಯಿ ಆ ನೀರಿನ ರುಚಿ ಕಂಡೇ ಕಣ್ಣು ಮುಚ್ಚಿದಳು. ಮುಂದೊಂದು ದಿನ ಕೋರ್ಟಿನ ಅಂಗಳದಲ್ಲಿ ಎದುರಾದಾಗ ನಮ್ಮಣ್ಣ ತಾನೇ ನಿಂತು, "ಏನು ಸ್ಟೇರಿಂಗು, ನೀರು ಸರಿಯಾಗಿ ಬರ್ತಿದ್ಯಾ?" ಎಂದು ಹೆಗಲ ಮೇಲೆ ಕೈ ಹಾಕಿದ. ಅಷ್ಟು ಜನರ ನಡುವೆ ತನ್ನ ಅಡ್ಡಹೆಸರನ್ನು ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಡ್ರೈವರ್ ಹಿಗ್ಗಿದ. ಮನೆಗೆ ಬಂದು ಆ ಮಾತನ್ನು ಎಷ್ಟು ಸಲ ಹೇಳಿದನೆಂದರೆ, ಕೊನೆಗೆ ಮಗಳು, "ಅಪ್ಪಾ, ಸಾಕು, ನಮಗೆಲ್ಲ ಬಾಯಿಪಾಠ ಆಗಿದೆ" ಎಂದು ಕೈ ಮುಗಿದಳು.

ನಮ್ಮಣ್ಣ ಎರಡನೇ ಸಲವೂ ಗೆದ್ದ. ಮೂರನೇ ಸಲ ನಿಲ್ಲಲು ಹೊರಟಾಗ ತೊಡಕು ಶುರುವಾಯಿತು. ಒಬ್ಬರೇ ಸತತವಾಗಿ ಎರಡು ಸಲಕ್ಕಿಂತ ಹೆಚ್ಚು ಆ ಕುರ್ಚಿಯಲ್ಲಿ ಕೂರಬಾರದೆಂದು ಹಳೆಯ ಕಾನೂನು. ಯಾರೋ ಕೋರ್ಟಿಗೆ ಹೋದರು. ಕೇಸು ಬಂದದ್ದು ಇದೇ ನ್ಯಾಯಾಧೀಶೆಯ ಮುಂದೆ.

ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಸಿಗ್ನಲ್ಲಿನಲ್ಲಿ ಕಾರು ನಿಂತಿತ್ತು. ಎದುರಿನ ಕಟ್ಟಡದ ಮೇಲೆ ನಾಲ್ಕು ಅಂತಸ್ತಿನಷ್ಟು ಎತ್ತರದ ನಮ್ಮಣ್ಣನ ಚಿತ್ರ. ಕೆಳಗೆ, 'ನಾನಲ್ಲ, ನೀವು' ಎಂಬ ಅಕ್ಷರಗಳು. ನ್ಯಾಯಾಧೀಶೆ ಅದನ್ನೇ ನೋಡುತ್ತಿದ್ದವರು ತಟ್ಟನೆ ಕೇಳಿದರು.

"ನೀವು ಅವರಿಗೇ ಓಟು ಹಾಕಿದ್ದಾ?"

ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅವರ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಹೌದು ಮೇಡಂ. ಎರಡು ಸಲಾನೂ."

"ಮೊದಲ ಸಲ ನಾನೂ ಹಾಕಿದ್ದೆ" ಎಂದರು ಅವರು. ಮತ್ತೆ ಆ ಚಿತ್ರದ ಕಡೆ ನೋಡಿ, "ಕೆಲಸ ಮಾಡಿದ್ದಾರೆ, ಇಲ್ಲ ಅನ್ನೋಕಾಗಲ್ಲ" ಎಂದರು. ಹಸಿರು ದೀಪ ಬಂತು. ಆ ಮಾತು ಅಲ್ಲಿಗೇ ನಿಂತಿತು. ಹಾಗಿದ್ದ ಮೇಲೆ ತೀರ್ಪು ನಮ್ಮಣ್ಣನ ಕಡೆಗೇ ಬರುತ್ತದೆ ಎಂದು ಡ್ರೈವರ್ ಖುಷಿಯಿಂದ ಗೇರು ಬದಲಾಯಿಸಿದ.

ಊರು ಮಾತ್ರ ಅಷ್ಟು ನಿರಾಳವಾಗಿರಲಿಲ್ಲ. ತೀರ್ಪಿನ ವಾರ ಮೈದಾನದಲ್ಲಿ ದೊಡ್ಡ ಸಭೆ ಸೇರಿತು. ಅಂದು ಕೋರ್ಟಿಗೆ ರಜೆ. ಡ್ರೈವರ್ ಭಾಮೈದನ ಟೆಂಪೋದಲ್ಲೇ ಹೋದ. ನಮ್ಮಣ್ಣ ಯಾವತ್ತೂ ಕೂಗಾಡುವವನಲ್ಲ. ಪಕ್ಕದ ಮನೆಯವನು ಕಟ್ಟೆಯ ಮೇಲೆ ಕೂತು ಕಷ್ಟ ಸುಖ ಮಾತಾಡಿದ ಹಾಗೆ ಮಾತು.

"ನಾನು ಬೇಕಾ, ಬೇಡ್ವಾ? ನೀವೇ ಹೇಳಿ" ಎಂದ.

ಮೈದಾನಕ್ಕೆ ಮೈದಾನವೇ ಕೈ ಎತ್ತಿತು. ಡ್ರೈವರನ ಎರಡು ಕೈಯೂ ಮೇಲಿದ್ದವು.

"ನೋಡಿ, ಇಷ್ಟು ಜನ ಬೇಕು ಅಂತೀರಿ. ಅಲ್ಲಿ ಒಬ್ಬರು, ಒಂದೇ ಒಬ್ಬರು, ಬೇಡ ಅಂತ ಬರೆದ್ರೆ ನೀವೆಲ್ಲ ಸುಮ್ಮನಿರಬೇಕಂತೆ. ಅವರಿಗೆ ಯಾರು ಓಟು ಹಾಕಿದ್ರಪ್ಪ? ನೀವು ಹಾಕಿದ್ರಾ? ನೀವು? ಯಾರೂ ಹಾಕಿಲ್ಲ. ಮತ್ತೆ ಅವರು ಯಾರ ಪರವಾಗಿ ಮಾತಾಡ್ತಾರೆ?" ಜನ ಹೋ ಎಂದಿತು. ನಮ್ಮಣ್ಣ ಕೈ ಎತ್ತಿ ಸುಮ್ಮನಿರಿಸಿದ. "ಯಾರೂ ಕಲ್ಲು ಮುಟ್ಟಬೇಡಿ. ಕೈ ಮುಗಿದು ಕೇಳ್ಕೋತೀನಿ. ಹೋಗಿ, ಎದುರಿಗೆ ನಿಂತು ಒಂದು ಮಾತು ಕೇಳಿ. ಕೇಳೋದು ತಪ್ಪಾ?"

ತಪ್ಪಲ್ಲ ಎಂದು ಡ್ರೈವರನೂ ಕೂಗಿದ. ಕೇಳುವುದರಲ್ಲಿ ಏನು ತಪ್ಪು?

ಮನೆಗೆ ಬರುವ ದಾರಿಯಲ್ಲಿ ಭಾಮೈದ ಕೇಳಿದ. "ಭಾವ, ನಿಮ್ಮ ಮೇಡಂ ಸಂಜೆ ಯಾವ ಕಡೆಯಿಂದ ಹೋಗ್ತಾರೆ? ದೊಡ್ಡ ರಸ್ತೇಲಿ ನಾನು ಒಂದಿನಾನೂ ಕಾರು ನೋಡಿಲ್ಲ."

"ದೊಡ್ಡ ರಸ್ತೇಲಿ ಆ ಹೊತ್ತಿಗೆ ಇರುವೆ ತೂರೋಕೂ ಜಾಗ ಇರಲ್ಲ. ನಾನು ಗೋದಾಮುಗಳ ಹಿಂದಿನ ರಸ್ತೆ ಹಿಡೀತೀನಿ" ಎಂದ ಡ್ರೈವರ್, ತನ್ನ ಜಾಣತನಕ್ಕೆ ತಾನೇ ತಲೆದೂಗುತ್ತ. ಭಾಮೈದ ಮತ್ತೇನೂ ಕೇಳಲಿಲ್ಲ. ರೇಡಿಯೋ ಹಾಕಿದ.

ತೀರ್ಪು ಓದುವ ಹಿಂದಿನ ದಿನ ಅದು. ದಿನವೂ ಮುಂದಿನ ಸೀಟಿನಲ್ಲಿ ಬಂದೂಕು ಇಟ್ಟುಕೊಂಡು ಕೂರುತ್ತಿದ್ದ ಕಾವಲಿನ ಪೊಲೀಸನನ್ನು ಅವತ್ತು ಬೇರೆ ಕಡೆ ಬಂದೋಬಸ್ತಿಗೆ ಕಳಿಸಿದ್ದರು. ನ್ಯಾಯಾಧೀಶೆ ಖಾಲಿ ಸೀಟನ್ನೊಮ್ಮೆ ನೋಡಿ, "ನಡೀರಿ" ಎಂದರು. ಬಿಸಿಲಿನ್ನೂ ಇಳಿದಿರಲಿಲ್ಲ. ಗೋದಾಮಿನ ರಸ್ತೆಗೆ ತಿರುಗಿದರೆ ಎದುರಿಗೆ ಅಡ್ಡಲಾಗಿ ಒಂದು ಟೆಂಪೋ. ಬ್ರೇಕು ಒತ್ತಿ ಹಿಂದಕ್ಕೆ ತೆಗೆಯೋಣ ಎಂದು ಕನ್ನಡಿ ನೋಡಿದರೆ ಹಿಂದೆಯೂ ಜನ. ಗೋದಾಮುಗಳ ಬಾಗಿಲಿಂದ, ಮೂಟೆಗಳ ಮರೆಯಿಂದ ಒಂದೇ ಸಮನೆ ಇಳಿದು ಬಂದರು. ರಸ್ತೆಯ ತುದಿಯಲ್ಲಿ ಇಬ್ಬರು ಪೊಲೀಸರಿದ್ದರು. ಒಬ್ಬ ಫೋನು ನೋಡುತ್ತಿದ್ದ, ಇನ್ನೊಬ್ಬ ಅವನ ಫೋನಿನಲ್ಲೇ ಇಣುಕುತ್ತಿದ್ದ.

ಮೊದಮೊದಲು ಕೇಳಿದ್ದು ಘೋಷಣೆ ಮಾತ್ರ. ಕಾರಿನ ಮೇಲ್ಛಾವಣಿಗೆ ಅಂಗೈಯಿಂದ ಬಡಿಯುತ್ತಿದ್ದರು. ನ್ಯಾಯಾಧೀಶೆ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ನೆಟ್ಟಗೆ ಕೂತಿದ್ದರು.

"ಬಾಗಿಲು ಲಾಕ್ ಆಗಿದೆಯಾ?"

"ಆಗಿದೆ ಮೇಡಂ."

"ಹಾಗಾದ್ರೆ ಸುಮ್ಮನೆ ಕೂತಿರಿ. ತೆಗೀಬೇಡಿ."

ಆಗ ಯಾರೋ ಗಾಜಿಗೆ ಮುಖ ಒತ್ತಿ ನೋಡಿ, "ಏ, ಇವನು ನಮ್ಮ ಸ್ಟೇರಿಂಗು ಕಣ್ರೋ! ನಮ್ಮವನು!" ಎಂದು ಕಿರುಚಿದ. ಆ ಮಾತು ಗುಂಪಿನ ಹಿಂದಿನವರೆಗೂ ಹೋಯಿತು. "ನಮ್ಮವನು, ನಮ್ಮವನು." ಬಡಿತ ನಿಂತಿತು. ಹತ್ತಾರು ಮುಖಗಳು ಅವನ ಕಿಟಕಿಯ ಕಡೆ ಬಂದವು. ಮಂಡಿ ಬೀದಿಯವರು, ಚಹಾದಂಗಡಿಯವರು, ತಾಯಿ ಸತ್ತಾಗ ಹೆಗಲು ಕೊಟ್ಟವರು. ನಗುತ್ತಲೇ ಕರೆಯುತ್ತಿದ್ದರು. "ಇಳಿದು ಬಾರಪ್ಪ. ನಿನಗೇನೂ ಆಗಲ್ಲ. ನಿನ್ನದೇನು ತಪ್ಪು? ಇಳಿ."

ಇಳಿದು ಒಂದು ಮಾತು ಹೇಳಿದರೆ ಕೇಳುತ್ತಾರೆ ಎಂದು ಡ್ರೈವರನ ಮನಸ್ಸಿನ ಒಂದು ಮೂಲೆ ಹೇಳಿತು. ಇಳಿಯದಿದ್ದರೆ ನಿನ್ನನ್ನೂ ಸೇರಿಸಿ ಹುರಿಯುತ್ತಾರೆ ಎಂದು ಇನ್ನೊಂದು ಮೂಲೆ ಹೇಳಿತು. ಆ ಕಾರಿನಲ್ಲಿ ಡ್ರೈವರನ ಬಾಗಿಲಿನ ಹಿಡಿ ಎಳೆದರೆ ನಾಲ್ಕೂ ಬಾಗಿಲುಗಳ ಲಾಕು ಒಟ್ಟಿಗೆ ಬಿಚ್ಚಿಕೊಳ್ಳುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ತನ್ನ ಕೈಯ ಬೆರಳುಗಳು ಎಷ್ಟೋ ಅಷ್ಟೇ ಚೆನ್ನಾಗಿ ಗೊತ್ತಿತ್ತು.

"ಡ್ರೈವರ್" ಎಂದರು ಹಿಂದಿನಿಂದ. ಅವರ ದನಿ ನಡುಗಿದ್ದು ಅವನಿಗೆ ಅದೇ ಮೊದಲ ಸಲ ಕೇಳಿಸಿತು.

ಅವನು ಹಿಡಿ ಎಳೆದ. ಟಕ್ ಎಂದು ನಾಲ್ಕೂ ಕಡೆ ಸದ್ದಾಯಿತು.

ಅವನನ್ನು ಯಾರೂ ಹೊಡೆಯಲಿಲ್ಲ. ಮದುಮಗನನ್ನು ಕರೆದೊಯ್ಯುವ ಹಾಗೆ ತೋಳು ಹಿಡಿದು ಪಕ್ಕಕ್ಕೆ ಒಯ್ದರು. "ಬೇಡ್ರೋ, ಬಿಡ್ರೋ, ಹೆಂಗಸು ಕಣ್ರೋ" ಎಂದು ಅವನು ಹೇಳಿದ್ದು ಅವನ ಕಿವಿಗೇ ಸರಿಯಾಗಿ ಬೀಳಲಿಲ್ಲ. ಹಿಂದಿನ ಬಾಗಿಲು ತೆರೆದಿತ್ತು. ಅವರನ್ನು ಎಳೆದರು. ಚಪ್ಪಲಿಯೊಂದು ಕಾರಿನಲ್ಲೇ ಉಳಿಯಿತು. ಬಾವುಟ ಸುತ್ತಿದ ಕೋಲೊಂದು ಮೇಲೆದ್ದು ಕೆಳಗೆ ಬಂತು, ಮತ್ತೆ ಮೇಲೆದ್ದಿತು. ಕೋಲು ಹಿಡಿದವನು ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡು ತಿರುಗಿದಾಗ ಡ್ರೈವರನ ಕಣ್ಣಿಗೆ ಕಣ್ಣು ಕೂಡಿತು. ಭಾಮೈದ.

ನ್ಯಾಯಾಧೀಶೆ ಸಾಯಲಿಲ್ಲ. ಬಲಗಣ್ಣು ಹೋಯಿತು.

ಮಾರನೆಯ ದಿನ ಇನ್‌ಸ್ಪೆಕ್ಟರು ಕರೆಸಿ ಕೇಳಿದ. "ಯಾರದಾದ್ರೂ ಗುರುತು ಸಿಕ್ತಾ?" ಅಷ್ಟರಲ್ಲಾಗಲೇ ಹೆಂಡತಿ ಗಂಡನ ಕಾಲು ಹಿಡಿದು ಅತ್ತಿದ್ದಳು. ನನಗಿರೋದು ಅವನೊಬ್ಬ ತಮ್ಮ, ಅವನಿಗೆ ಎರಡು ಪುಟ್ಟ ಮಕ್ಕಳು ಎಂದಿದ್ದಳು.

"ಇಲ್ಲ ಸಾರ್. ಗುಂಪಿನಲ್ಲಿ ಯಾರ ಗುರುತೂ ಸಿಗಲಿಲ್ಲ" ಎಂದ ಡ್ರೈವರ್. ಇನ್‌ಸ್ಪೆಕ್ಟರು, "ಜಾಣ" ಎಂದು ಪೆನ್ನು ಮುಚ್ಚಿದ.

ಮಗಳಿಗೆ ಆ ವಾರ್ಡಿನಲ್ಲೇ ಡ್ಯೂಟಿ ಬಿದ್ದಿತ್ತು. ನಾಲ್ಕನೇ ದಿನ ಅವಳು ಮನೆಗೆ ಬಂದವಳು ಬ್ಯಾಗು ಕೆಳಗಿಡದೆಯೇ ಕೇಳಿದಳು.

"ಅಪ್ಪಾ, ಬಾಗಿಲು ಒಡೆದಿರಲಿಲ್ಲವಂತೆ. ತೆಗೆದಿತ್ತಂತೆ. ಹೌದಾ?"

ಅವನು ಎದ್ದು ಅವಳ ಬ್ಯಾಗಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಬ್ಯಾಂಡೇಜು ಬದಲಾಯಿಸೋವಾಗ ಅವರು ಅಯ್ಯೋ ಅನ್ನಲ್ಲ ಗೊತ್ತಾ? ಹಾಸಿಗೆ ಅಂಚು ಹಿಡ್ಕೋತಾರೆ, ಅಷ್ಟೆ. ನಾನು ಯಾರ ಮಗಳು ಅಂತ ಅವರಿಗೆ ಹೇಳಿಲ್ಲ. ಹೇಳೋಕೆ ನಾಚಿಕೆ." ಅಷ್ಟು ಹೇಳಿ ಒಳಗೆ ಹೋದಳು. ಆಮೇಲೆ ವಾರಗಟ್ಟಲೆ ಅವನ ಜೊತೆ ಉಪ್ಪು ಬೇಕಾ ನೀರು ಬೇಕಾ ಎನ್ನುವುದರಾಚೆ ಮಾತಿಲ್ಲ.

ಕೊನೆಗೊಂದು ದಿನ ಅವನೇ ಆಸ್ಪತ್ರೆಗೆ ಹೋದ. ನ್ಯಾಯಾಧೀಶೆ ದಿಂಬಿಗೆ ಒರಗಿದ್ದರು. ಅರ್ಧ ಮುಖ ಬಿಳಿ ಬಟ್ಟೆಯಲ್ಲಿ ಮುಚ್ಚಿತ್ತು. ಉಳಿದ ಕಣ್ಣು ಅವನನ್ನು ಗುರುತಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಿತು.

"ಪೊಲೀಸರಿಗೆ ಏನು ಹೇಳಿದ್ರಿ?"

"ಯಾರ ಗುರುತೂ ಸಿಗಲಿಲ್ಲ ಅಂದೆ ಮೇಡಂ."

"ಈ ಮಾತು ನಾನು ಕೋರ್ಟಿನಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಹೇಳೋರ ಮುಖ ಯಾವಾಗ್ಲೂ ಹೀಗೇ ಇರುತ್ತೆ" ಎಂದರು. ಆಮೇಲೆ, "ಆ ಲೋಟ ಸ್ವಲ್ಪ ಈ ಕಡೆ ಕೊಡಿ. ದೂರ ಎಷ್ಟಿದೆ ಅಂತ ಅಂದಾಜು ಸಿಗಲ್ಲ ಈಗ" ಎಂದರು. ಅವನು ಲೋಟ ಕೈಗಿತ್ತು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಬಂದ.

ಕೇಸು ಇನ್ನೊಬ್ಬ ನ್ಯಾಯಾಧೀಶರಿಗೆ ಹೋಯಿತು. ಅವರು ಮನೆಯ ಮುಂದೆ ಜನ ಸೇರುವ ಪ್ರಸಂಗವನ್ನೇ ಬರಗೊಡಲಿಲ್ಲ. ಜನರೇ ಬೇಕೆನ್ನುವಾಗ ಬೇಡ ಎನ್ನಲು ತಾವು ಯಾರು ಎಂದು ತೀರ್ಪನ್ನು ಎರಡು ಪುಟದಲ್ಲಿ ಮುಗಿಸಿದರು. ಊರಲ್ಲಿ ಪಟಾಕಿ ಹೊಡೆದರು. ಅವನ ಓಣಿಯಲ್ಲೂ ಹೊಡೆದರು.

ಹತ್ತು ದಿನ ಕಳೆದ ಮೇಲೆ ನಮ್ಮಣ್ಣನ ಕಡೆಯವರು ಮನೆಗೆ ಬಂದರು. "ಅಣ್ಣ ನಿಮ್ಮನ್ನ ಸ್ಟೇಜಿಗೆ ಕರೀತಿದ್ದಾರೆ." ಬರುವುದಿಲ್ಲ ಎನ್ನುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ಅದೇ ಮೈದಾನ. ನಮ್ಮಣ್ಣ ಅವನ ಹೆಗಲ ಸುತ್ತ ಕೈ ಹಾಕಿ ಜನರತ್ತ ತಿರುಗಿಸಿ ನಿಲ್ಲಿಸಿದ.

"ಹೊಡೆದಾಟ ಆಯ್ತು, ಅದಕ್ಕೆ ನನಗೂ ನೋವಿದೆ. ನಮ್ಮ ಜನ ಕೈ ಮಾಡಿದ್ದಲ್ಲ, ಯಾರೋ ಹೊರಗಿನ ಕಿಡಿಗೇಡಿಗಳು. ಆದ್ರೆ ಈ ಮನುಷ್ಯನ್ನ ನೋಡಿ. ಅಷ್ಟು ವರ್ಷ ಅವರ ಕಾರು ಓಡಿಸಿದ, ಅವರ ಸಂಬಳ ತಿಂದ. ಕೊನೆಗೆ ಜನ ಕರೆದಾಗ ಏನು ಮಾಡಿದ? ಕಾರಿಂದ ಇಳಿದ! ಜನರ ಕಡೆ ಇಳಿದ! ಮಾತಾಡು ಸ್ಟೇರಿಂಗು."

ಮೈಕು ಬಾಯಿಯ ಮುಂದೆ ಬಂತು. ಸಂಬಳ ಅವರದಲ್ಲ, ಸರ್ಕಾರದ್ದು ಎಂಬ ಅಷ್ಟು ಚಿಕ್ಕ ವಿಷಯವೇ ಮೊದಲು ತಲೆಗೆ ಬಂತು. ಎದುರಿಗೆ ಮುಖಗಳು, ಮುಖಗಳು. ಮುಂದಿನ ಸಾಲಿನಲ್ಲಿ ಭಾಮೈದ ಹೊಸ ಅಂಗಿ ಹಾಕಿಕೊಂಡು ನಿಂತು ಶಿಳ್ಳೆ ಹೊಡೆಯುತ್ತಿದ್ದ.

"ನಾನು... ನಾನು ಯಾರ ಕಡೆಗೂ ಇಳಿಯಲಿಲ್ಲ" ಎಂದ ಡ್ರೈವರ್. ದನಿ ಮೈದಾನದ ನಾಲ್ಕು ಮೂಲೆಗೂ ಹೋಗಿ ವಾಪಸು ಬಂತು. "ಹೆದರಿಕೆ ಆಯ್ತು. ಹೆದರಿ ಇಳಿದೆ. ಬಾಗಿಲು ನಾನೇ ತೆಗೆದಿದ್ದು. ಅವರು ತೆಗೀಬೇಡಿ ಅಂದ್ರು, ನಾನು ತೆಗೆದೆ. ಅವರ ಕಣ್ಣು ಹೋಯ್ತು."

ಮುಂದಿನಿಂದ ಯಾರೋ, "ಬಾಗಿಲು ತೆಗೆದೋನೇ ನೀನು, ಹುಲಿ ಕಣೋ!" ಎಂದು ಕೂಗಿದ. ಮೈದಾನ ಭೋರ್ಗರೆದು ನಗತೊಡಗಿತು, ಚಪ್ಪಾಳೆ ಹೊಡೆಯಿತು. ನಮ್ಮಣ್ಣನೂ ನಕ್ಕ. ಅವನನ್ನು ಬಿಗಿಯಾಗಿ ಅಪ್ಪಿಕೊಂಡು, "ನೋಡಿ, ಎಂಥ ಸಂಕೋಚದ ಮನುಷ್ಯ! ದೊಡ್ಡ ಕೆಲಸ ಮಾಡಿ ಹೆದರಿದೆ ಅಂತಾನೆ!" ಎಂದು ಮೈಕು ತನ್ನ ಕಡೆ ಎಳೆದುಕೊಂಡ. ಆ ಅಪ್ಪುಗೆಯಲ್ಲಿ, ಕಿವಿಯ ಹತ್ತಿರ, ಯಾರಿಗೂ ಕೇಳದ ಹಾಗೆ, "ಸಾಕು, ಮನೆಗೆ ಹೋಗು" ಎಂದ. ದನಿ ಮೊದಲಿನಷ್ಟೇ ಮೆತ್ತಗಿತ್ತು.

ಅಂದಿನಿಂದ ಸ್ಟೇರಿಂಗು ಎಂಬ ಹೆಸರು ಹೋಗಿ ಇಳಿದಣ್ಣ ಎಂಬ ಹೆಸರು ಬಂತು. ಬಸ್ಸಿನಲ್ಲಿ ಎದ್ದು ಜಾಗ ಬಿಡುತ್ತಿದ್ದರು. ಚಹಾದಂಗಡಿಯವನು ಕಾಸು ಮುಟ್ಟುತ್ತಿರಲಿಲ್ಲ. ಒಬ್ಬೊಬ್ಬರು ಬೆನ್ನು ತಟ್ಟಿದಾಗಲೂ ಅವನಿಗೆ ಮೈಯೆಲ್ಲ ಜಿಗುಟಾದಂತೆ ಅನಿಸುತ್ತಿತ್ತು. ಒಂದು ಬೆಳಿಗ್ಗೆ ಹೆಂಡತಿಗೂ ಹೇಳದೆ ಪೊಲೀಸ್ ಠಾಣೆಗೆ ಹೋದ.

"ಸಾರ್, ಅವತ್ತು ಸುಳ್ಳು ಹೇಳಿದ್ದೆ. ಕೋಲು ಹಿಡಿದವನ ಗುರುತು ನನಗಿದೆ. ಹೆಸರು ಹೇಳ್ತೀನಿ, ಬರ್ಕೊಳ್ಳಿ."

ಇನ್‌ಸ್ಪೆಕ್ಟರು ಎದ್ದು ಬಂದು ಕುರ್ಚಿ ಎಳೆದುಕೊಟ್ಟ. "ಇಳಿದಣ್ಣ ನಮ್ಮ ಠಾಣೆಗೆ! ಏ, ಚಹಾ ತರ್ಸೋ." ಆಮೇಲೆ ಕುರ್ಚಿಯ ತೋಳಿಗೆ ಒರಗಿ ಹೇಳಿದ. "ಯಾವ ಕೇಸು? ಅದು ಹೋದ ವಾರವೇ ಮುಚ್ಚಿತು. ಹೊರಗಿನ ಕಿಡಿಗೇಡಿಗಳು, ಪತ್ತೆ ಇಲ್ಲ. ಅಣ್ಣನೇ ಅಷ್ಟು ಜನರ ಮುಂದೆ ಹೇಳಿದ ಮೇಲೆ ನೀವು ಬೇರೆ ಹೆಸರು ಹೇಳಿದ್ರೆ, ಅಣ್ಣ ಸುಳ್ಳು ಹೇಳಿದ ಹಾಗಾಗಲ್ವಾ?"

"ಆದ್ರೆ ನಿಜ..."

"ನಿಮಗೆ ಮಗಳಿದ್ದಾಳೆ ಅಲ್ವಾ? ಸರ್ಕಾರಿ ಕೆಲಸ. ಚೆನ್ನಾಗಿ ಮಾಡ್ತಾಳಂತೆ." ಇನ್‌ಸ್ಪೆಕ್ಟರು ಫೋನು ತೆಗೆದು ಅವನ ಪಕ್ಕ ಬಗ್ಗಿ ಒಂದು ಫೋಟೋ ತೆಗೆದುಕೊಂಡ. "ನನ್ನ ಹೆಂಡತಿ ನಂಬಲ್ಲ, ಇಳಿದಣ್ಣನ ಜೊತೆ ಚಹಾ ಕುಡಿದೆ ಅಂದ್ರೆ."

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಭಾಮೈದ ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಹೆಂಡತಿ, ಬಾಗಿಲ ಬಳಿ ಡ್ಯೂಟಿಗೆ ಹೊರಟ ಮಗಳು.

"ನನ್ನ ಹೆಸರು ಹೇಳೋಕೆ ಹೋಗಿದ್ಯಂತೆ ಭಾವ."

"ಹೋಗಿದ್ದೆ."

"ದಾರಿ ಹೇಳಿದ್ದು ಯಾರು? ಬಾಗಿಲು ತೆಗೆದದ್ದು ಯಾರು? ಅದನ್ನೂ ಬರೆಸಿದ್ಯಾ?"

"ಬರೆಸೋಕೇ ಹೋಗಿದ್ದೆ. ಇಬ್ಬರದೂ. ಬರ್ಕೊಳ್ಳಲಿಲ್ಲ."

ಭಾಮೈದನ ಮುಖದಲ್ಲಿ ಸಿಟ್ಟು ಕರಗಿ ಏನೋ ಬೇರೆ ಬಂತು. "ನಾನು ಅವರನ್ನ ಸಾಯಿಸೋಕೆ ಹೋಗಿರಲಿಲ್ಲ ಭಾವ. ಕೇಳೋಕೆ ಹೋಗಿದ್ದೆ. ಎಲ್ಲರೂ ಇದ್ರಲ್ಲ..." ಎಂದ. ಎದ್ದು ನಿಂತು ದನಿ ಗಟ್ಟಿ ಮಾಡಿಕೊಂಡ. "ಇನ್ನೊಂದು ಸಲ ಹೋದ್ರೆ ನಾನು ತಡೆದ್ರೂ ನಮ್ಮ ಹುಡುಗ್ರು ಕೇಳಲ್ಲ. ಅಕ್ಕನ ಮುಖ ನೋಡಿ ಹೇಳ್ತಿದ್ದೀನಿ."

ತಮ್ಮನಿಗಾಗಿ ಗಂಡನ ಕಾಲು ಹಿಡಿದಿದ್ದ ಹೆಂಡತಿ ಈಗ ಮುಂದೆ ಬಂದು, "ಅಕ್ಕನ ಮುಖ ನೋಡೋದು ಇವತ್ತಿಗೆ ಸಾಕು, ನಡಿ" ಎಂದು ಬಾಗಿಲು ಹಾಕಿಕೊಂಡಳು. ಆಮೇಲೆ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ಬ್ಯಾಗು ಕೆಳಗಿಟ್ಟಳು. ಅಪ್ಪನ ಹತ್ತಿರ ಬಂದು, "ಕೂತ್ಕೋ ಅಪ್ಪ, ಚಹಾ ಮಾಡ್ತೀನಿ" ಎಂದಳು.

ಆ ವಾರದಿಂದ ಚಹಾದಂಗಡಿಯವನು ಕಾಸು ತೆಗೆದುಕೊಳ್ಳತೊಡಗಿದ. ಬಸ್ಸಿನಲ್ಲಿ ಜಾಗ ಬಿಡುತ್ತಿದ್ದವರು ಮುಖ ತಿರುಗಿಸಿದರು. ಮನೆಯ ಮುಂದಿನ ದೀಪ ಒಡೆಯಿತು, ಯಾರೂ ಹೊಸದು ಹಾಕಲಿಲ್ಲ. ಕೋರ್ಟಿನವರು ಅವನನ್ನು ಕಾರಿನಿಂದ ತೆಗೆದು ಗ್ಯಾರೇಜಿನಲ್ಲಿ ಟಯರು ಎಣಿಸಲು ಹಾಕಿದರು. ಚುನಾವಣೆ ಬಂತು. ಎದುರಾಳಿಯಾಗಿ ನಿಂತಿದ್ದವನು ಆರೋಗ್ಯ ಸರಿಯಿಲ್ಲವೆಂದು ಹಿಂದೆ ಸರಿದ. ನಮ್ಮಣ್ಣ ಗೆದ್ದು, ಎರಡೇ ಸಲ ಎಂಬ ಆ ಹಳೆಯ ಕಾನೂನನ್ನು ಮೊದಲ ಸಭೆಯಲ್ಲೇ ಕೈ ಎತ್ತಿಸಿ ತೆಗೆದುಹಾಕಿದ. ನಲ್ಲಿಯಲ್ಲಿ ನೀರು ಮಾತ್ರ ಎಂದಿನಂತೆ ಬರುತ್ತಿತ್ತು. ಡ್ರೈವರ್ ಪ್ರತಿ ಬೆಳಿಗ್ಗೆ ಆ ನೀರಿನಲ್ಲಿ ಮುಖ ತೊಳೆಯುವಾಗ ತಾಯಿಯ ನೆನಪಾಗಿ ನಲ್ಲಿಯನ್ನು ಬೇಗ ತಿರುಗಿಸಿಬಿಡುತ್ತಿದ್ದ.

ನ್ಯಾಯಾಧೀಶೆ ಕೆಲಸ ಬಿಟ್ಟು ದೂರದ ತಂಗಿಯ ಮನೆಗೆ ಹೊರಟಿದ್ದಾರೆ ಎಂದು ಮಗಳೇ ಹೇಳಿದಳು. ಹೊರಡುವ ದಿನ ಅವನು ಅವರ ಮನೆಗೆ ಹೋದ. ಹಜಾರದಲ್ಲಿ ಎರಡು ಸೂಟ್‌ಕೇಸು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ನಡೆಯುತ್ತಿದ್ದರು.

"ಮೇಡಂ, ಪೊಲೀಸರ ಹತ್ರ ಹೋಗಿದ್ದೆ. ನಿಜ ಹೇಳೋಕೆ."

"ಗೊತ್ತು. ನಿಮ್ಮ ಮಗಳು ಹೇಳಿದಳು. ಒಳ್ಳೆ ಹುಡುಗಿ" ಎಂದರು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

"ಸ್ಟೇಷನ್ನಿಗೆ ನಾನು ಬಿಟ್ಟು ಬರ್ಲಾ ಮೇಡಂ? ಯಾರದಾದ್ರೂ ಗಾಡಿ ತರ್ತೀನಿ."

"ಬೇಡ. ಟ್ಯಾಕ್ಸಿ ಹೇಳಿದ್ದೀನಿ."

ಸೂಟ್‌ಕೇಸುಗಳನ್ನು ಎತ್ತಿಕೊಳ್ಳಲು ಮಾತ್ರ ಬಿಟ್ಟರು. ಅವನು ಅವನ್ನು ಡಿಕ್ಕಿಯಲ್ಲಿಟ್ಟು, ಹಿಂದಿನ ಬಾಗಿಲು ಹಿಡಿದು ನಿಂತ. ಅವರು ತಡವರಿಸಿ ಕೂತರು. ಟ್ಯಾಕ್ಸಿಯವನ ಫೋನಿನಲ್ಲಿ ನಮ್ಮಣ್ಣನ ಭಾಷಣ ಜೋರಾಗಿ ನಡೆಯುತ್ತಿತ್ತು, ನಡುನಡುವೆ ಜನರ ನಗು.

"ಅದನ್ನ ಸ್ವಲ್ಪ ನಿಲ್ಲಿಸ್ತೀರಾ?" ಎಂದರು ನ್ಯಾಯಾಧೀಶೆ.

"ಒಂದೇ ನಿಮಿಷ ಮೇಡಂ, ಒಳ್ಳೆ ಘಟ್ಟಕ್ಕೆ ಬಂದಿದೆ" ಎಂದು ಅವನು ಗಾಡಿ ಚಾಲೂ ಮಾಡಿದ. ಅವರು ಕಿಟಕಿಯ ಗಾಜು ಏರಿಸಿಕೊಂಡರು. ಕಾರು ತಿರುವು ದಾಟಿ ಮರೆಯಾದ ಮೇಲೂ ಡ್ರೈವರ್ ಗೇಟಿನ ಬಳಿ ನಿಂತೇ ಇದ್ದ. ಎದುರು ಮನೆಯ ಹೆಂಗಸು ಹೊರಗೆ ಬಂದು, ಅವನನ್ನು ನೋಡಿ, ಬಾಗಿಲು ಮುಚ್ಚಿಕೊಂಡಳು.